ಹೆಣಿಗೆಯ ಹೆಂಗಸರು

ಹೆಣೆ ಎಂಬುದು ಕನ್ನಡದಲ್ಲಿ ಬಹಳ ದುಡಿದಿರುವ ಧಾತು. ಚಾಪೆಯನ್ನು ಹೆಣೆಯುತ್ತೇವೆ, ಬುಟ್ಟಿಯನ್ನು ಹೆಣೆಯುತ್ತೇವೆ, ಮಗಳ ಜಡೆಯನ್ನು ಹೆಣೆಯುತ್ತೇವೆ, ಕೂಸಿಗೆ ಉಣ್ಣೆಯ ಕುಲಾವಿಯನ್ನು ಹೆಣೆಯುತ್ತೇವೆ, ಮೀನಿಗೂ ಹಗೆಗೂ ಬಲೆಯನ್ನು ಹೆಣೆಯುತ್ತೇವೆ, ಕಡೆಗೆ ಇವೆಲ್ಲವನ್ನೂ ಕೂಡಿಸಿ ಕಥೆಯನ್ನೂ ಹೆಣೆಯುತ್ತೇವೆ. ಇಂಗ್ಲಿಷಿನಲ್ಲಿ ಬೇರೆ ಬೇರೆ ಶಬ್ದಗಳ ಪಾಲಾಗಿ ಹೋಗಿರುವ ಈ ಕೆಲಸಗಳೆಲ್ಲ ನಮ್ಮಲ್ಲಿ ಒಂದೇ ಮಾತಿನ ಆಶ್ರಯದಲ್ಲಿ ಬಾಳುತ್ತಿರುವುದರಿಂದ, ಚಾರ್ಲ್ಸ್ ಡಿಕನ್ಸನ 'ಎ ಟೇಲ್ ಆಫ್ ಟೂ ಸಿಟೀಸ್' ಕಾದಂಬರಿಯ ಒಳಮರ್ಮವೊಂದು ಕನ್ನಡದ ಓದುಗನಿಗೆ ತುಸು ಬೇಗನೆ ಕೈಗೆಟುಕುವುದೆಂದು ನನಗೆ ತೋರುತ್ತದೆ. ಆ ಕಥೆಯಲ್ಲಿ ಒಬ್ಬ ಹೆಂಗಸಿನ ಕೈಯಲ್ಲಿ ಸದಾ ಹೆಣಿಗೆಯ ನೂಲು. ಮತ್ತೊಬ್ಬಳ ಹಣೆಯ ಮೇಲೆ ಹೊನ್ನಿನ ಬಣ್ಣದ ಕೂದಲು. ಎರಡೂ ಹೆಣೆಯುವುದಕ್ಕೆಂದೇ ಒದಗಿದ ಎಳೆಗಳು. ಅವುಗಳ ಜಾಡನ್ನು ಹಿಡಿದು ಹೋದರೆ ಆ ಇಬ್ಬರ ಅಂತರಂಗಕ್ಕೆ ಮಾತ್ರವಲ್ಲದೆ, ಅವರ ಬೆನ್ನ ಹಿಂದೆ ಹೆಸರಿಲ್ಲದೆ ನಿಂತಿರುವ ಪ್ಯಾರಿಸ್ಸಿನ ದುಡಿಯುವ ಹೆಂಗಸರ ಚರಿತ್ರೆಗೂ ದಾರಿ ದೊರೆಯುತ್ತದೆ.

ಕಾದಂಬರಿಯು 1859ರ ಏಪ್ರಿಲ್ 30ರಿಂದ ನವೆಂಬರ್ 26ರವರೆಗೆ, ಡಿಕನ್ಸನು ತಾನೇ ಆರಂಭಿಸಿದ 'ಆಲ್ ದಿ ಇಯರ್ ರೌಂಡ್' ಎಂಬ ವಾರಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟವಾಯಿತು. ಬ್ಯಾಸ್ಟಿಲ್ ಸೆರೆಮನೆಯು ಜನರ ವಶವಾಗಿ ಆಗಲೆ 70 ವರ್ಷಗಳು ಸಂದಿದ್ದುವು. ಆ ಕಾಲದ ಪ್ಯಾರಿಸ್ಸನ್ನು ಕಣ್ಣಾರೆ ಕಂಡವನಲ್ಲದ ಡಿಕನ್ಸನಿಗೆ 1837ರಲ್ಲಿ ಹೊರಬಂದಿದ್ದ ಥಾಮಸ್ ಕಾರ್ಲೈಲನ ಫ್ರೆಂಚ್ ಕ್ರಾಂತಿಯ ಇತಿಹಾಸವೇ ಆಧಾರಗ್ರಂಥ. ಆ ಋಣವನ್ನು ಅವನು ಮುನ್ನುಡಿಯಲ್ಲಿ ವಿನಯದಿಂದ ಒಪ್ಪಿಕೊಂಡಿರುವನು. ಕಾರ್ಲೈಲನಿಂದ ಅವನು ಘಟನೆಗಳನ್ನೂ ಜನಸಮುದಾಯದ ಆವೇಶವನ್ನೂ ಪಡೆದನು. ಹೆಣಿಗೆಯನ್ನು ಒಂದು ಸ್ತ್ರೀಪಾತ್ರದ ಉಸಿರನ್ನಾಗಿ ಮಾಡಿದುದು ಮಾತ್ರ ಅವನ ಸ್ವಂತ ಪ್ರತಿಭೆ.

ಸೇಂಟ್ ಆಂತ್ವಾನ್ ಎಂಬುದು ಬ್ಯಾಸ್ಟಿಲಿನ ನೆರಳಿನಲ್ಲಿ ಬೆಳೆದ, ಮರಗೆಲಸದವರೂ ಕೂಲಿಕಾರರೂ ತುಂಬಿದ್ದ ಬಡವರ ಕೇರಿ. ಅಲ್ಲಿಯ ಬೀದಿಯಲ್ಲಿ ದ್ರಾಕ್ಷಾರಸದ ಪೀಪಾಯಿಯೊಂದು ಒಡೆದು, ಕಲ್ಲುಹಾಸಿನ ಸಂದುಗಳಲ್ಲಿ ನಿಂತ ಕೆಂಪು ರಸವನ್ನು ಜನರು ಬೊಗಸೆಯಲ್ಲಿಯೂ ಮಡಕೆಯ ಚೂರುಗಳಲ್ಲಿಯೂ ಬಟ್ಟೆಯ ತುಂಡುಗಳಲ್ಲಿಯೂ ಎತ್ತಿಕೊಂಡು ಕುಡಿಯುವ ದೃಶ್ಯದ ಬೆನ್ನಿಗೇ ಮದಾಂ ಡಿಫಾರ್ಜಳನ್ನು ನಾವು ಮೊದಲು ಕಾಣುವುದು. ಮದ್ಯದಂಗಡಿಯ ಒಡತಿ, ಗಟ್ಟಿಮುಟ್ಟಾದ ಮೈಕಟ್ಟು, ಬೆರಳ ತುಂಬ ಉಂಗುರಗಳು, ಎಲ್ಲವನ್ನೂ ಗಮನಿಸಿಯೂ ಯಾವುದನ್ನೂ ನೋಡದಂತಿರುವ ಕಣ್ಣು. ಆಕೆಯ ಹೆಣಿಗೆಯು ಮುಂದೆಯೇ ಇದೆ, ಆದರೆ ಹಲ್ಲುಕಡ್ಡಿಯಿಂದ ಹಲ್ಲು ಕೆದಕಿಕೊಳ್ಳುವುದಕ್ಕಾಗಿ ಅದನ್ನು ಒಂದು ಕ್ಷಣ ಕೆಳಗಿಟ್ಟಿರುವಳು. ಗಂಡನು ಒಳಗೆ ಬಂದಾಗ ಅವಳು ಆಡುವುದು ಮಾತಲ್ಲ, ಒಂದು ಸಣ್ಣ ಕೆಮ್ಮು. ಹುಬ್ಬಿನ ಒಂದಿಷ್ಟು ಏರಿಕೆ. ಮುಂದಿನ ಅಧ್ಯಾಯದ ಕೊನೆಯಲ್ಲಿ, 18 ವರ್ಷ ಸೆರೆಯಲ್ಲಿದ್ದು ಜೀವಚ್ಛವವಾಗಿರುವ ಡಾಕ್ಟರ್ ಮ್ಯಾನೆಟ್ಟನನ್ನು ಮಗಳು ಲೂಸಿಯು ಕರೆದುಕೊಂಡು ಹೊರಡುವಾಗ, ಮದಾಂ ಡಿಫಾರ್ಜಳು ಬಾಗಿಲ ನಿಲುವಿಗೆ ಒರಗಿ ಹೆಣೆಯುತ್ತ ನಿಂತಿರುವಳು. ಏನನ್ನೂ ಅವಳು ನೋಡುತ್ತಿಲ್ಲವೆಂದು ಲೇಖಕನು ಹೇಳುವನು. ಆ ಮಾತನ್ನು ನಂಬಿದ ಓದುಗನು ಮುಂದೆ ನಡುಗಬೇಕಾಗುವುದು.

ಇಲ್ಲಿ ಹೆಣಿಗೆಯೆಂಬ ಕಸುಬಿನ ಬಗೆಗೆ ಎರಡು ಮಾತು ಹೇಳಬೇಕು. ನೇಯ್ಗೆಗೆ ಮಗ್ಗ ಬೇಕು, ಮಗ್ಗಕ್ಕೆ ಮನೆ ಬೇಕು, ಮನೆಗೆ ಬಾಡಿಗೆ ಬೇಕು. ಹೆಣಿಗೆಗಾದರೋ ಒಂದು ಉಂಡೆ ನೂಲೂ ಒಂದೆರಡು ಕಡ್ಡಿಗಳೂ ಸಾಕು. ಬೀದಿಯ ಜಗುಲಿಯ ಮೇಲೆ, ಸಂತೆಗೆ ಹೋಗುವ ದಾರಿಯಲ್ಲಿ, ತೊಟ್ಟಿಲ ಬಳಿಯಲ್ಲಿ, ಮಂದಬೆಳಕಿನಲ್ಲಿ, ಕಣ್ಣು ಬೇರೆಲ್ಲಿಯೋ ಇದ್ದರೂ ಕೈ ತನ್ನಷ್ಟಕ್ಕೆ ನಡೆಯಬಲ್ಲ ಕೆಲಸವದು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬಾತನು ಕಾಲುಚೀಲ ಹೆಣೆಯುವ ಯಂತ್ರವನ್ನು ಕಂಡುಹಿಡಿದನು; ಸ್ವದೇಶದ ದೊರೆಗಳಿಂದ ಆಶ್ರಯ ದೊರೆಯದೆ ಫ್ರಾನ್ಸಿಗೆ ಹೋದನು. ಮುಂದಿನ ಶತಮಾನದಲ್ಲಿ ಆ ಯಂತ್ರವು ಹರಡಿತಾದರೂ, ಕೈಹೆಣಿಗೆಯು ಬಡ ಹೆಂಗಸರ ಕೈಬಿಟ್ಟು ಹೋಗಲಿಲ್ಲ. ಬೇರೆ ಕೆಲಸ ಸಿಕ್ಕದ ದಿನ ಸಿಕ್ಕುವ ಕೆಲಸವಾಗಿ, ಬೇರೆ ಕೆಲಸಗಳ ನಡುವೆ ನುಸುಳುವ ಕೆಲಸವಾಗಿ ಅದು ಉಳಿದುಕೊಂಡಿತು. ಹೆಣೆಯುವುದನ್ನು ಬಳಿಯಲ್ಲಿ ಕುಳಿತು ನೋಡಿದವರಿಗೆ ಗೊತ್ತು: ಪ್ರತಿಯೊಂದು ಕುಣಿಕೆಯೂ ಹಿಂದಿನ ಕುಣಿಕೆಯೊಳಗಿಂದ ಹೊರಟು ಮುಂದಿನ ಕುಣಿಕೆಗೆ ಆಧಾರವಾಗುವುದು, ನಡುವೆ ಒಂದು ಜಾರಿತೆಂದರೆ ಅದರ ಕೆಳಗಿನದೆಲ್ಲ ಸರಸರನೆ ಬಿಚ್ಚಿಕೊಂಡು ಬರುವುದು. ಆದುದರಿಂದ ಹೆಣೆಯುವವಳು ಮಾತನಾಡುತ್ತಿದ್ದರೂ ಒಳಗೊಳಗೆ ಎಣಿಸುತ್ತಿರುತ್ತಾಳೆ. ಈ ಎಣಿಕೆಯೇ ಕಾದಂಬರಿಯ ಕೊನೆಯವರೆಗೂ ಓದುಗನ ಕಿವಿಯಲ್ಲಿ ಉಳಿಯುವ ಸದ್ದು.

ಗುಪ್ತಸಂಘದ ಗೆಳೆಯರು ಬಂದು, ದುಷ್ಟರ ಹೆಸರುಗಳ ಪಟ್ಟಿಯನ್ನು ಎಲ್ಲಿ ಇಟ್ಟಿರುವಿರೆಂದು ಕೇಳಿದಾಗ ಡಿಫಾರ್ಜನು ಕೊಡುವ ಉತ್ತರವು ಸಾಹಿತ್ಯದಲ್ಲಿಯೇ ಅಪೂರ್ವವಾದುದು. ಪಟ್ಟಿಯು ಕಾಗದದ ಮೇಲಿಲ್ಲ. ಅವನ ಹೆಂಡತಿಯ ಹೆಣಿಗೆಯಲ್ಲಿದೆ. ಅವಳದೇ ಸಂಕೇತಗಳಲ್ಲಿ, ಅವಳೊಬ್ಬಳೇ ಓದಬಲ್ಲ ಲಿಪಿಯಲ್ಲಿ, ಒಂದೊಂದು ಹೆಸರೂ ಒಂದೊಂದು ಅಪರಾಧವೂ ಕುಣಿಕೆಗೆ ಕುಣಿಕೆ ಸೇರಿ ದಾಖಲಾಗಿದೆ. ಅಲ್ಲಿ ಸೇರಿದ ಒಂದಕ್ಷರವನ್ನು ಅಳಿಸುವುದಕ್ಕಿಂತ ತನ್ನನ್ನು ತಾನೇ ಭೂಮಿಯಿಂದ ಅಳಿಸಿಕೊಳ್ಳುವುದು ಸುಲಭ. ಇದನ್ನು ಕೇವಲ ಕವಿಕಲ್ಪನೆಯ ಚಮತ್ಕಾರವೆಂದು ಬಿಟ್ಟುಬಿಡಲಾಗದು. ಕ್ರಾಂತಿಯ ಮುನ್ನಾದಿನಗಳಲ್ಲಿ ಫ್ರಾನ್ಸಿನಲ್ಲಿ ತಮ್ಮ ಮದುವೆಯ ದಾಖಲೆಗೆ ಸಹಿ ಹಾಕಬಲ್ಲ ಗಂಡಸರು 100ಕ್ಕೆ ಸುಮಾರು 47 ಮಂದಿ. ಹೆಂಗಸರು ಸುಮಾರು 27 ಮಂದಿ. ಪ್ಯಾರಿಸ್ ನಗರದಲ್ಲಿ ಈ ಲೆಕ್ಕವು ಹೆಚ್ಚಾಗಿದ್ದರೂ, ಅಕ್ಷರವೆಂಬುದು ಬಡವರ ಮನೆಯಲ್ಲಿ ಮೊದಲು ಗಂಡಿಗೆ, ಉಳಿದರೆ ಹೆಣ್ಣಿಗೆ ಎನ್ನುವಂತಿದ್ದ ಕಾಲವದು. ಪ್ರಭುಗಳ ದಫ್ತರುಗಳು ಪ್ರಭುಗಳ ಕೈಯಲ್ಲಿದ್ದುವು. ಪ್ರಜೆಯೊಬ್ಬಳ ಮೇಲಾದ ಅನ್ಯಾಯಕ್ಕೆ ಎಲ್ಲಿಯೂ ದಫ್ತರಿರಲಿಲ್ಲ. ದಫ್ತರಿಲ್ಲದವಳು ತನ್ನ ಕೈಯ ಕಸುಬನ್ನೇ ದಫ್ತರವನ್ನಾಗಿ ಮಾಡಿಕೊಂಡಳು. ನಮ್ಮ ನಾಡಿನಲ್ಲಿ 12ನೆಯ ಶತಮಾನದ ಕದಿರೆ ರೆಮ್ಮವ್ವೆ ಎಂಬ ಶರಣೆಯು ತಾನು ನೂಲುವ ರಾಟೆಯ ಅಂಗಾಂಗಗಳನ್ನೇ ಅನುಭಾವದ ಭಾಷೆಯನ್ನಾಗಿ ಮಾಡಿಕೊಂಡುದು ಇಲ್ಲಿ ನೆನಪಾಗುತ್ತದೆ. ಅವಳ ನೂಲು ಮುಕ್ತಿಯ ಕಡೆಗೆ ಹರಿಯಿತು, ಇವಳದು ಪ್ರತೀಕಾರದ ಕಡೆಗೆ. ಆದರೂ ದುಡಿಯುವ ಹೆಂಗಸು ತನ್ನ ಸಲಕರಣೆಯಲ್ಲಿಯೇ ತನ್ನ ಮಾತನ್ನು ಕಂಡುಕೊಂಡಳೆಂಬುದು ಎರಡು ಕಡೆಯೂ ನಿಜ.

ಮದಾಂ ಡಿಫಾರ್ಜಳು ಗಂಡನೊಡನೆ ವರ್ಸೇಲ್ಸಿಗೆ ಹೋಗಿ, ರಾಜರಾಣಿಯರ ಮೆರವಣಿಗೆಯನ್ನು ಕಾಯುತ್ತ ಗುಂಪಿನಲ್ಲಿ ನಿಂತು ಹೆಣೆಯುತ್ತಿರುವಾಗ, ಪಕ್ಕದವನೊಬ್ಬನು ಏನು ಹೆಣೆಯುತ್ತಿರುವೆಯೆಂದು ಕೇಳುವನು. ಹೆಣದ ಮೇಲೆ ಹೊದಿಸುವ ಬಟ್ಟೆ ಮುಂತಾದುವನ್ನು, ಎಂದು ಅವಳು ಶಾಂತವಾಗಿ ಹೇಳುವಳು. ಪ್ರಾಚೀನ ಗ್ರೀಕರ ಪೆನೆಲೊಪೆಯೂ ಮಾವನ ಶವವಸ್ತ್ರವನ್ನೇ ನೇಯುತ್ತಿದ್ದಳು. ಹಗಲು ನೇಯ್ದುದನ್ನು ಇರುಳು ಬಿಚ್ಚಿ, ಗಂಡನು ಮರಳುವುದನ್ನೇ ಕಾಯುತ್ತ ಕಾಲವನ್ನು ತಡೆದು ನಿಲ್ಲಿಸಿದ್ದಳು. ಡಿಕನ್ಸನಿಗೆ ಈ ಸಾಮ್ಯವು ಉದ್ದಿಷ್ಟವಾಗಿದ್ದಿತೋ ಇಲ್ಲವೋ, ಓದುಗನಿಗೆ ಮಾತ್ರ ವೈದೃಶ್ಯವು ಕಣ್ಣಿಗೆ ಹೊಡೆಯುವುದು: ಮದಾಂ ಡಿಫಾರ್ಜಳು ಹೆಣೆದ ಒಂದು ಕುಣಿಕೆಯನ್ನೂ ಬಿಚ್ಚುವವಳಲ್ಲ. ಬಾರ್ಸಾಡನೆಂಬ ಗೂಢಚಾರನು ಅಂಗಡಿಗೆ ಬಂದಾಗ ಅವಳು ತಲೆವಸ್ತ್ರಕ್ಕೆ ಒಂದು ಗುಲಾಬಿಯನ್ನು ಸಿಕ್ಕಿಸಿಕೊಳ್ಳುವಳು. ಆ ಸಂಜ್ಞೆಯಿಂದಲೇ ಗಿರಾಕಿಗಳೆಲ್ಲ ಮೆಲ್ಲನೆ ಎದ್ದುಹೋಗುವರು. ಅವನು ಮಾತನಾಡುತ್ತಿರುವಂತೆಯೇ ಅವನ ಹೆಸರು ಅವನ ಕಣ್ಣೆದುರಿಗೇ ಕಡ್ಡಿಯಿಂದ ಕಡ್ಡಿಗೆ ದಾಟಿಹೋಗುವುದು. ಹೆಂಗಸರಿಗೆ ಶೃಂಗಾರವೆನಿಸಿದ ಹೂವು, ಗೃಹಕೃತ್ಯವೆನಿಸಿದ ಹೆಣಿಗೆ, ಇವೆರಡನ್ನೂ ಅಸ್ತ್ರವಾಗಿ ತಿರುಗಿಸಿಕೊಂಡ ಈ ಬುದ್ಧಿಯನ್ನು ಲೇಖಕನು ಭಯದಿಂದ ವರ್ಣಿಸುತ್ತಿದ್ದರೂ, ಆ ಭಯದೊಳಗೆ ಒಂದು ಗೌರವವೂ ಅಡಗಿದೆ.

ಅದೇ ಅಧ್ಯಾಯದ ಕೊನೆಯ ಪುಟವೇ ನನಗೆ ಈ ಇಡೀ ಗ್ರಂಥದಲ್ಲಿ ಅತ್ಯಂತ ಸತ್ಯವಾಗಿ ಕಂಡ ಪುಟ. ಸಂಜೆಯಾಗಿದೆ. ಕೇರಿಯ ಜನರೆಲ್ಲ ಗಾಳಿಗಾಗಿ ಹೊಸ್ತಿಲುಗಳ ಮೇಲೂ ಕಿಟಕಿಯ ಕಟ್ಟೆಗಳ ಮೇಲೂ ಕುಳಿತಿರುವರು. ಮದಾಂ ಡಿಫಾರ್ಜಳು ಕೈಯಲ್ಲಿ ಕೆಲಸ ಹಿಡಿದು ಗುಂಪಿನಿಂದ ಗುಂಪಿಗೆ ನಡೆಯುತ್ತಿರುವಳು. ಎಲ್ಲ ಹೆಂಗಸರೂ ಹೆಣೆಯುತ್ತಿರುವರು. ಅವರು ಹೆಣೆಯುತ್ತಿರುವುದು ಬೆಲೆಬಾಳದ ವಸ್ತುಗಳನ್ನು. ಆದರೆ ದವಡೆಗೆ ಕೆಲಸವಿಲ್ಲದುದರಿಂದ ಬೆರಳುಗಳು ಕೆಲಸ ಮಾಡುತ್ತಿವೆ. ಆ ಎಲುಬಾದ ಬೆರಳುಗಳು ನಿಂತುಬಿಟ್ಟರೆ ಹೊಟ್ಟೆಯ ಹಸಿವು ಇನ್ನೂ ಕಠಿನವಾಗಿ ಹಿಂಡುವುದು. 1789ರ ಬೇಸಗೆಯಲ್ಲಿ ಪ್ಯಾರಿಸ್ಸಿನ ನಾಲ್ಕು ಪೌಂಡಿನ ರೊಟ್ಟಿಯ ಬೆಲೆ ಹದಿನಾಲ್ಕೂವರೆ ಸೂ ಆಗಿದ್ದಿತು. ಸಾಮಾನ್ಯ ಕೂಲಿಯವನ ಒಂದು ದಿನದ ಸಂಪಾದನೆ 20ರಿಂದ 30 ಸೂ. ಹೆಂಗಸಿನ ಕೂಲಿ ಅದರ ಅರ್ಧದಷ್ಟೇ. ಈ ಅಂಕೆಗಳನ್ನು ತಿಳಿದು ಆ ಸಂಜೆಯ ವರ್ಣನೆಯನ್ನು ಓದಿದರೆ, ಹೆಣಿಗೆಯು ಸಂಕೇತವಾಗುವುದಕ್ಕಿಂತ ಮುಂಚೆ ಹಸಿವಾಗಿತ್ತೆಂಬುದು ಅರ್ಥವಾಗುತ್ತದೆ.

ಲೂಸಿಯ ವಿಷಯದಲ್ಲಿ ಇಷ್ಟು ಹೇಳುವುದಕ್ಕೆ ಎಡೆಯಿಲ್ಲ. ಕಾದಂಬರಿಯ ಎರಡನೆಯ ಸಂಪುಟಕ್ಕೆ 'ಹೊನ್ನಿನ ಎಳೆ' ಎಂಬರ್ಥದ ಹೆಸರನ್ನೇ ಲೇಖಕನು ಕೊಟ್ಟಿರುವನು. ಆ ಎಳೆಯು ಅವಳ ಕೂದಲು. ತಂದೆಯು ತನ್ನ ಕೊರಳಿನಲ್ಲಿ ಕರಿಯ ದಾರಕ್ಕೆ ಕಟ್ಟಿದ ಹಳೆಯ ಬಟ್ಟೆಯ ಮಡಿಕೆಯೊಂದನ್ನು ತೆರೆದು, ಒಳಗಿದ್ದ ಒಂದೆರಡು ನೀಳವಾದ ಹೊಂಗೂದಲುಗಳನ್ನು ಎದುರಿಗಿರುವ ಹುಡುಗಿಯ ಕೂದಲಿನೊಡನೆ ಒತ್ತಿಟ್ಟು ನೋಡುವ ಪ್ರಸಂಗವು ನಿಜವಾಗಿಯೂ ಕರುಳನ್ನು ಹಿಂಡುವಂಥದು. ಸೆರೆಗೆ ಎಳೆದೊಯ್ದ ಇರುಳು ಹೆಂಡತಿಯು ಅವನ ಹೆಗಲ ಮೇಲೆ ತಲೆಯಿಟ್ಟಿದ್ದಳು. ಆಗ ತೋಳಿಗೆ ಅಂಟಿಕೊಂಡು ಬಂದ ಕೂದಲುಗಳವು. ತನ್ನ ಹೆಸರನ್ನೂ ಮರೆತು ಜೋಡು ಹೊಲಿಯುತ್ತ ಕುಳಿತವನು ಆ ಎಳೆಯ ಬಲದಿಂದ ಮನುಷ್ಯಲೋಕಕ್ಕೆ ಹಿಂದಿರುಗುವನು. ಆದರೆ ಆ ಬಳಿಕ ಲೂಸಿಯು ಲಂಡನ್ನಿನ ಮನೆಯ ಮೂಲೆಯಲ್ಲಿ ಕುಳಿತು ತಂದೆ, ಗಂಡ, ಮಗಳು, ಸಾಕುತಾಯಿಯಂತಹ ಮಿಸ್ ಪ್ರಾಸ್ ಎಲ್ಲರನ್ನೂ ಆ ಹೊನ್ನೆಳೆಯಿಂದ ಬಂಧಿಸುತ್ತಿರುವಳೆಂದು ಲೇಖಕನು ಮೇಲಿಂದ ಮೇಲೆ ಹೇಳುವನೇ ಹೊರತು, ಅವಳ ಬೆರಳುಗಳು ಏನು ಮಾಡುತ್ತಿದ್ದುವೆಂದು ನಾವು ನಿಜವಾಗಿ ಕಾಣೆವು. ಮದಾಂ ಡಿಫಾರ್ಜಳ ಎಳೆಯು ಅವಳು ಕಲಿತ ಕಸುಬು. ಲೂಸಿಯ ಎಳೆಯು ಅವಳಿಗೆ ಹುಟ್ಟಿನಿಂದ ಬಂದ ಸೊಬಗು. ಒಬ್ಬಳು ಕೆಲಸದಿಂದ ತಿಳಿದುಬರುವಳು, ಮತ್ತೊಬ್ಬಳು ರೂಪದಿಂದ. ವಿಕ್ಟೋರಿಯ ರಾಣಿಯ ಕಾಲದ ಇಂಗ್ಲೆಂಡು ಒಳ್ಳೆಯ ಹೆಣ್ಣೆಂದರೆ ಹೇಗಿರಬೇಕೆಂದು ಬಯಸಿತ್ತೋ ಅದನ್ನು ಆ ಕೂದಲು ಹೇಳುತ್ತದೆ. ಲೂಸಿಯೆಂಬ ವ್ಯಕ್ತಿ ಯಾರೆಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಡಿಕನ್ಸನ ಮೇಲೆ ನನಗಿರುವ ಪ್ರೀತಿಯು ಈ ಲೋಪವನ್ನು ಮುಚ್ಚಲಾರದು.

ಎರಡು ಎಳೆಗಳೂ ಒಂದೆಡೆ ಸೇರುವುದು ಪ್ಯಾರಿಸ್ಸಿನಲ್ಲಿ, ಲೂಸಿಯ ಗಂಡ ಚಾರ್ಲ್ಸ್ ಡಾರ್ನೆಯು ಸೆರೆಯಾದ ಮೇಲೆ. ಅವನು ಕಳುಹಿಸಿದ ಚೀಟಿಯನ್ನು ತಂದುಕೊಟ್ಟವರಲ್ಲಿ ಹೆಣೆಯುತ್ತಿರುವ ಆ ಹೆಂಗಸೂ ಇರುವಳು. ಕೃತಜ್ಞತೆಯಿಂದ ಲೂಸಿಯು ಆ ಕೈಯನ್ನು ಹಿಡಿದು ಮುತ್ತಿಡುವಳು. ಆ ಕೈ ಯಾವ ಮರುಸ್ಪಂದನವನ್ನೂ ತೋರದೆ ತಣ್ಣಗೆ, ಭಾರವಾಗಿ ಕೆಳಗೆ ಬಿದ್ದು, ಮತ್ತೆ ಹೆಣಿಗೆಗೆ ತೊಡಗುವುದು. ಬಳಿಕ ಅವಳು ಹೆಣಿಗೆಯ ಕಡ್ಡಿಯನ್ನು ಲೂಸಿಯ ಪುಟ್ಟ ಮಗಳ ಕಡೆಗೆ ಚಾಚಿ, ಇದೇ ಏನು ಅವನ ಮಗು, ಎಂದು ಕೇಳುವಳು. ಗ್ರೀಕ್ ಪುರಾಣದಲ್ಲಿ ಮೂವರು ವಿಧಿದೇವತೆಯರು. ಕ್ಲೋತೊ ಆಯುಸ್ಸಿನ ನೂಲನ್ನು ನೂಲುವಳು, ಲಾಖೆಸಿಸ್ ಅಳೆಯುವಳು, ಆತ್ರೊಪೊಸ್ ಕತ್ತರಿಸುವಳು. ಆ ಮೂವರ ಕೆಲಸವೂ ಈ ಒಬ್ಬಳ ಪಾಲಿಗೆ ಬಂದಂತೆ ಇಲ್ಲಿ ತೋರುವುದು.

ಕ್ರಾಂತಿಯ ನಿಜಚರಿತ್ರೆಯಲ್ಲಿ ಹೆಣೆಯುವ ಹೆಂಗಸರು ಯಾರು? 1789ರ ಅಕ್ಟೋಬರ್ 5ರಂದು ರೊಟ್ಟಿಗಾಗಿ ಕೂಗುತ್ತ ಸಾವಿರಾರು ಹೆಂಗಸರು ಮಳೆಯಲ್ಲಿ ನೆನೆಯುತ್ತ ಪ್ಯಾರಿಸ್ಸಿನಿಂದ ವರ್ಸೇಲ್ಸಿಗೆ ನಡೆದುಹೋಗಿ, ಮರುದಿನ ರಾಜಪರಿವಾರವನ್ನೇ ರಾಜಧಾನಿಗೆ ಕರೆತಂದರು. ಮುಂದೆ ಕನ್ವೆನ್ಷನ್ ಎಂಬ ರಾಷ್ಟ್ರಸಭೆಯ ಪ್ರೇಕ್ಷಕರ ಅಟ್ಟಣೆಯಲ್ಲಿ ಇಂತಹ ಹೆಂಗಸರು ದಿನದಿನವೂ ಬಂದು ಕುಳಿತು, ಕೈಯಲ್ಲಿ ಹೆಣಿಗೆ ಹಿಡಿದೇ ವಾದವಿವಾದಗಳನ್ನು ಆಲಿಸುತ್ತಿದ್ದರು, ಮೆಚ್ಚಿದುದಕ್ಕೆ ಕೈಚಪ್ಪಾಳೆ ತಟ್ಟುತ್ತಿದ್ದರು, ಮೆಚ್ಚದುದಕ್ಕೆ ಗದ್ದಲ ಮಾಡುತ್ತಿದ್ದರು. 1793ರ ಆಗಸ್ಟ್ 23ರ ಶಾಸನವು ಸಮಸ್ತ ಪ್ರಜೆಗಳನ್ನೂ ಯುದ್ಧಕಾರ್ಯಕ್ಕೆ ಕರೆದಾಗ, ಡೇರೆಗಳನ್ನೂ ಉಡುಪುಗಳನ್ನೂ ಸಿದ್ಧಪಡಿಸುವ ಕೆಲಸವನ್ನು ಹೆಂಗಸರಿಗೆ ವಹಿಸಿತು. ಹೀಗಿರುವಾಗ ಅವರ ಕೈಯ ಕಡ್ಡಿಗಳು ದೇಶಭಕ್ತಿಯ ಚಿಹ್ನೆಗಳೂ ಆಗಿದ್ದುವು. ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ಪ್ಯಾರಿಸ್ಸಿನ ಪುರಸಭೆಯು, ಅಕ್ಟೋಬರ್ ತಿಂಗಳ ಆ ನಡಿಗೆಯಲ್ಲಿ ಪಾಲ್ಗೊಂಡ ಹೆಂಗಸರಿಗೆ ಸಾರ್ವಜನಿಕ ಉತ್ಸವಗಳಲ್ಲಿ ಗೌರವದ ಸ್ಥಾನವನ್ನು ಗೊತ್ತುಮಾಡಿ, ಗಂಡಮಕ್ಕಳೊಡನೆ ಕುಳಿತು ಅಲ್ಲಿ ಅವರು ಹೆಣೆಯುವರೆಂದು ನಿರ್ಣಯಿಸಿತು. ಗೌರವವನ್ನು ಕೊಡುವಾಗಲೂ ಕೈಗೆ ಕಡ್ಡಿಯನ್ನೇ ಕೊಟ್ಟರು! ಅಷ್ಟರಲ್ಲಿ, ಅಕ್ಟೋಬರ್ 30ರಂದೇ, ಹೆಂಗಸರ ರಾಜಕೀಯ ಸಂಘಗಳನ್ನೆಲ್ಲ ಕನ್ವೆನ್ಷನ್ ನಿಷೇಧಿಸಿಯೂ ಆಗಿತ್ತು.

'ತ್ರಿಕೊತೋಜ್' ಎಂದರೆ ಫ್ರೆಂಚಿನಲ್ಲಿ ಹೆಣೆಯುವವಳು, ಅಷ್ಟೆ. ಆ ಸಾಧುವಾದ ಶಬ್ದವನ್ನು ಕ್ರಾಂತಿಯ ನಾಯಕನಾದ ರೊಬೆಸ್ಪಿಯರನ ಪತನದ ಅನಂತರ ವಿರೋಧಿಗಳು ಬೈಗುಳವನ್ನಾಗಿ ಮಾಡಿದರು. ಸಭೆಯ ಅಟ್ಟಣೆಯಲ್ಲಿ ಕುಳಿತಿದ್ದವಳನ್ನು ಮುಂದಿನ ತಲೆಮಾರುಗಳ ಬರಹಗಾರರು ಎತ್ತಿ ತಂದು ಗಿಲೊಟಿನ್ನಿನ ಕೆಳಗೆ ಕುಳ್ಳಿರಿಸಿದರು. ವಧಾಸ್ಥಾನದಲ್ಲಿ ಹೆಂಗಸರು ನೆರೆಯುತ್ತಿದ್ದುದು ದಿಟ, ಗಂಡಸರೂ ನೆರೆಯುತ್ತಿದ್ದರು. ಆದರೆ ಸಾಲು ಕುರ್ಚಿಗಳಲ್ಲಿ ಕುಳಿತು, ಬಿದ್ದ ತಲೆಗಳನ್ನು ಕುಣಿಕೆಗಳಂತೆ ಎಣಿಸುವ ಆ ಹೆಂಗಸರ ಚಿತ್ರವು ಜಗತ್ತಿನ ಮನಸ್ಸಿನಲ್ಲಿ ಅಚ್ಚೊತ್ತಿದುದು ಸಮಕಾಲೀನ ದಾಖಲೆಗಳಿಗಿಂತ ಹೆಚ್ಚಾಗಿ ಡಿಕನ್ಸನ ಲೇಖನಿಯಿಂದ. ಒಂದು ಮಹಾಕಾದಂಬರಿಯು ಚರಿತ್ರೆಗೆ ಮಾಡಬಹುದಾದ ಅನ್ಯಾಯಕ್ಕೆ ಇದು ನಿದರ್ಶನವೆಂದೇ ನಾನು ತಿಳಿದಿರುವೆನು.

ಹೀಗಿದ್ದರೂ ಆ ಅನ್ಯಾಯದ ನಡುವೆಯೇ ಡಿಕನ್ಸನ ಹೃದಯವು ತನ್ನ ದಾರಿಯನ್ನು ಕಂಡುಕೊಳ್ಳುತ್ತದೆ. ಮದಾಂ ಡಿಫಾರ್ಜಳ ಹಗೆಗೆ ಕಾರಣವು ಕೊನೆಗೆ ಬಯಲಾಗುವುದು: ಡಾರ್ನೆಯು ಹುಟ್ಟಿದ ಎವ್ರೆಮಾಂಡ್ ಮನೆತನದ ಅಣ್ಣತಮ್ಮಂದಿರ ಕಾಮಕ್ಕೂ ಕ್ರೌರ್ಯಕ್ಕೂ ಬಲಿಯಾಗಿ 1757ರಲ್ಲಿ ನಾಶವಾದ ರೈತಕುಟುಂಬದಲ್ಲಿ ಉಳಿದುಕೊಂಡ ಏಕಮಾತ್ರ ಮಗುವೇ ಅವಳು, ಸತ್ತವಳು ಅವಳ ಅಕ್ಕ. ಸಾಯುವ ಮುನ್ನ ಅಣ್ಣನು ಆ ಚಿಕ್ಕ ತಂಗಿಯನ್ನು ದೂರಕ್ಕೆ ಸಾಗಿಸಿದ್ದನು. ಕಡಲತೀರದ ಬೆಸ್ತರ ನಡುವೆ ಅವಳು ಬೆಳೆದಳು. ಬಲೆ ಹೆಣೆಯುವವರ ನಡುವೆ ಬೆಳೆದವಳು ಹೆಣಿಗೆಯ ಹೆಂಗಸಾದುದು ಲೇಖಕನು ಬೇಕೆಂದೇ ಇಟ್ಟ ಸುಳಿವೋ ಅಲ್ಲವೋ, ಕನ್ನಡದ ಕಿವಿಗೆ ಮಾತ್ರ ಅದು ತಪ್ಪದೆ ಕೇಳಿಸುತ್ತದೆ.

ಇನ್ನು ಕೊನೆಯ ದೃಶ್ಯದ ಆ ಹುಡುಗಿ. ಅವಳಿಗೆ ಹೆಸರಿಲ್ಲ, ಹೊಲಿಗೆಯವಳು ಎಂಬುದೊಂದೇ ಗುರುತು. 20 ವರ್ಷ ವಯಸ್ಸಿನ ಬಡವೆ. ರಾಜದ್ರೋಹದಂತೆ ಪ್ರಜಾದ್ರೋಹವೆಂಬ ಯಾವುದೋ ಸುಳ್ಳು ಆಪಾದನೆಗೆ ಗುರಿಯಾಗಿ, ಡಾರ್ನೆಯ ಬದಲಿಗೆ ಸಾಯಲು ಬಂದಿರುವ ಸಿಡ್ನಿ ಕಾರ್ಟನ್ನನ ಜೊತೆಗೆ ಒಂದೇ ಬಂಡಿಯಲ್ಲಿ ಬಂದಿರುವಳು. ಕೆಲಸದಿಂದಲೂ ಹಸಿವಿನಿಂದಲೂ ಸವೆದ ಅವಳ ಬೆರಳುಗಳನ್ನು ಅವನು ಹಿಡಿದುಕೊಂಡಿರುವನು. ದಕ್ಷಿಣದ ಹಳ್ಳಿಯೊಂದರಲ್ಲಿ ರೈತನ ಮನೆಯಲ್ಲಿರುವ, ತನಗಿಂತ ಐದು ವರ್ಷ ಚಿಕ್ಕವಳಾದ ಅನಾಥ ಬಂಧುವೊಬ್ಬಳನ್ನು ನೆನೆದು, ಅವಳಿಗೆ ಈ ಸುದ್ದಿಯೇ ತಿಳಿಯದು, ತನಗೆ ಬರೆಯಲು ಬಾರದು ಎಂದು ಹುಡುಗಿಯು ಹೇಳುವಳು. ಒಬ್ಬಳು ಅನ್ಯಾಯವನ್ನೆಲ್ಲ ನೂಲಿನಲ್ಲಿ ಬರೆದಿಟ್ಟವಳು. ಇವಳು ಜೀವಮಾನವೆಲ್ಲ ನೂಲು ಹಿಡಿದೂ ತನ್ನವಳಿಗೆ ಒಂದು ಸಾಲನ್ನು ಬರೆಯಲಾರದವಳು. ಅವಳ ಸರದಿ ಬಂದಾಗ ಕೆಳಗೆ ಕುಳಿತ ಹೆಣಿಗೆಯ ಹೆಂಗಸರು ಇಪ್ಪತ್ತೆರಡು ಎಂದು ಎಣಿಸುವರು. ಸೂಜಿಯಿಂದ ಹೊಟ್ಟೆ ಹೊರೆದವಳ ಸಾವನ್ನು ಕಡ್ಡಿಯಿಂದ ಹೊಟ್ಟೆ ಹೊರೆದವರು ಲೆಕ್ಕಕ್ಕೆ ಸೇರಿಸಿಕೊಳ್ಳುವ ಈ ಕ್ಷಣದಲ್ಲಿ, ಕ್ರಾಂತಿಯು ಎಲ್ಲಿ ದಾರಿ ತಪ್ಪಿತೆಂಬುದನ್ನು ಡಿಕನ್ಸನು ಯಾವ ಉಪನ್ಯಾಸವೂ ಇಲ್ಲದೆ ತೋರಿಸಿಬಿಟ್ಟಿರುವನು. ಹೊಂಗೂದಲಿನಿಂದ ಹೇಳಲಾಗದುದನ್ನು ಈ ಸವೆದ ಬೆರಳುಗಳು ಹೇಳಿವೆ.

ಮದಾಂ ಡಿಫಾರ್ಜಳ ಕುರ್ಚಿ ಆ ದಿನ ಬರಿದು. ಹೆಣಿಗೆಯನ್ನು ಗೆಳತಿಯ ಕೈಗೆ ಕೊಟ್ಟು, ತನ್ನ ಸ್ಥಾನವನ್ನು ಕಾದಿರಿಸಲು ಹೇಳಿ, ಲೂಸಿಯನ್ನೂ ಮಗುವನ್ನೂ ಬಲಿಕೊಡಲೆಂದು ಹೊರಟವಳು ಮಿಸ್ ಪ್ರಾಸಳ ತೋಳುಗಳಲ್ಲಿ ಸಿಕ್ಕಿ, ತನ್ನದೇ ಪಿಸ್ತೂಲಿನಿಂದ ಮಡಿದಿರುವಳು. ಆಗ ಅವಳ ಕೈಯಲ್ಲಿ ಕಡ್ಡಿಗಳಿರಲಿಲ್ಲ.

ಚರಿತ್ರೆಯಲ್ಲಿ ಆ ಹೆಂಗಸರ ಕುರ್ಚಿಗಳು ಬರಿದಾದುದು ಬೇರೆ ಬಗೆಯಲ್ಲಿ. 1795ರ ಮೇ 20ರಂದು ಸೇಂಟ್ ಆಂತ್ವಾನಿನ ಹೆಂಗಸರು ಮತ್ತೊಮ್ಮೆ ರೊಟ್ಟಿಗಾಗಿ ಕೂಗುತ್ತ ಕನ್ವೆನ್ಷನ್ನಿಗೆ ನುಗ್ಗಿದರು. ಪರಿಣಾಮವಾಗಿ ಅಟ್ಟಣೆಯ ಬಾಗಿಲು ಅವರಿಗೆ ಮುಚ್ಚಿತು. ಕೆಲವೇ ದಿನಗಳ ತರುವಾಯ ಮತ್ತೊಂದು ಆಜ್ಞೆ ಹೊರಟಿತು: ಹೆಂಗಸರು ತಮ್ಮ ತಮ್ಮ ಮನೆಗಳಿಗೆ ಹಿಂದಿರುಗತಕ್ಕದ್ದು, ಬೀದಿಯಲ್ಲಿ ಐವರಿಗಿಂತ ಹೆಚ್ಚು ಮಂದಿ ಗುಂಪುಗೂಡಿದರೆ ಸೆರೆಹಿಡಿಯತಕ್ಕದ್ದು.